ಜನವರಿಯ ಗದಗಕ್ಕೆ ಗೆಳೆಯರು ಬರುತ್ತಾರಂತೆ, ಗಾಳಿಗೆ ಹೆದರಿ ಬೇಡ ಅನ್ನಲೇ?

ಪ್ರಶ್ನೆ: ನಾನು ಮೈಸೂರಿನವಳು. ಕಳೆದ ಜೂನ್‌ನಲ್ಲಿ ಬ್ಯಾಂಕಿನಲ್ಲಿ ವರ್ಗಾವಣೆಯಾಗಿ ಗದಗಕ್ಕೆ ಬಂದೆ. ಬಂದ ದಿನದಿಂದ ಇಲ್ಲಿಯ ಗಾಳಿಗೆ ಸೋತುಹೋಗಿದ್ದೇನೆ. ಒಣಹಾಕಿದ ಬಟ್ಟೆ ಪಕ್ಕದ ಮನೆಯ ತಾರಸಿಯಲ್ಲಿ ಸಿಗುತ್ತದೆ, ರಾತ್ರಿಯಿಡೀ ಬಾಗಿಲು ಬಡಿದುಕೊಳ್ಳುತ್ತದೆ. ಈಗ ಜನವರಿಯ ಎರಡನೇ ಶನಿವಾರ ಮತ್ತು ಭಾನುವಾರ ಕಾಲೇಜಿನ ಹಳೆಯ ಗೆಳೆಯರು ಬೆಂಗಳೂರಿನಿಂದ ಬರುತ್ತೇವೆ ಎನ್ನುತ್ತಿದ್ದಾರೆ. ನಾಲ್ವರು ದೊಡ್ಡವರು, ನಾಲ್ಕು ವರ್ಷದ ಒಂದು ಮಗು. ಒಬ್ಬಳಿಗೆ ಆಸ್ತಮಾ ಇದೆ. ನನ್ನದು ಎರಡು ಕೋಣೆಯ ಬಾಡಿಗೆ ಮನೆ. ಆ ಚಳಿಯಲ್ಲಿ, ಈ ಗಾಳಿಯಲ್ಲಿ ಇವರನ್ನು ಎಲ್ಲಿಗೆ ಕರೆದೊಯ್ಯಲಿ, ಏನು ಉಣ್ಣಿಸಲಿ, ಎಲ್ಲಿ ಮಲಗಿಸಲಿ? ಬೇಸಿಗೆಗೆ ಬನ್ನಿ ಎಂದುಬಿಡುವುದೇ ವಾಸಿಯೇ?

ಉತ್ತರ: ಬೇಸಿಗೆಗೆ ಮಾತ್ರ ಕರೆಯಬೇಡಿ. ಏಪ್ರಿಲ್‌ನ ಗದಗನ್ನು ನೀವಿನ್ನೂ ನೋಡಿಲ್ಲ, ನೋಡಿದ ಮೇಲೆ ಈ ಮಾತು ನೀವೇ ಎತ್ತುವುದಿಲ್ಲ. ಜನವರಿಗೇ ಬರಲಿ. ಈ ಊರು ಹೊರಗಿನವರಿಗೆ ಮುಖ ತೋರಿಸುವುದೇ ಜನವರಿಯ ಆಸುಪಾಸಿನ ಎರಡು ತಿಂಗಳು.

ನೀವು ಹೆದರಿರುವುದು ಜೂನ್–ಆಗಸ್ಟ್‌ನ ಗಾಳಿಗೆ. ಅದು ಪಡುವಣ ಗಾಳಿ, ಮುಂಗಾರಿನದು. ಅರಬ್ಬಿ ಸಮುದ್ರದಿಂದ ಬಂದು, ಮಳೆಯನ್ನೆಲ್ಲ ಪಶ್ಚಿಮ ಘಟ್ಟದ ಮೇಲೆ ಸುರಿದು, ಹಗುರಾಗಿ ನಮ್ಮ ಬಯಲಿಗೆ ನುಗ್ಗುತ್ತದೆ. ಜುಲೈ ತಿಂಗಳಲ್ಲಿ ನೆಲದಿಂದ ಸುಮಾರು ಒಂದೂವರೆ ಕಿ.ಮೀ. ಎತ್ತರದಲ್ಲಿ ಈ ಗಾಳಿಯ ಹೊಳೆ ಅತಿ ಜೋರಾಗಿರುತ್ತದೆ. ಘಟ್ಟ ಇಳಿದ ಮೇಲೆ ಇಲ್ಲಿಯವರೆಗೆ ಅದನ್ನು ತಡೆಯುವಂಥ ಕಾಡಿಲ್ಲ, ಎತ್ತರದ ನೆಲವೂ ಇಲ್ಲ. ಬರೀ ಎರೆ ಹೊಲ. ಅಡ್ಡ ಸಿಗುವುದು ಕಪ್ಪತಗುಡ್ಡ ಒಂದೇ. ಗದಗಿನ ಪಕ್ಕದ ಬಿಂಕದಕಟ್ಟಿಯಿಂದ ತುಂಗಭದ್ರೆಯ ದಂಡೆಯ ಸಿಂಗಟಾಲೂರಿನತ್ತ ಓರೆಯಾಗಿ ಮಲಗಿರುವ ಸಾಲು ಅದು. ಬಯಲಲ್ಲಿ ಬಂದ ಗಾಳಿ ಅದರ ನೆತ್ತಿ ದಾಟುವಾಗ ಒತ್ತಿಕೊಂಡು ಇನ್ನೂ ಬಿರುಸಾಗುತ್ತದೆ. ಗಾಳಿಯಂತ್ರಗಳನ್ನು ಆ ನೆತ್ತಿಯ ಮೇಲೇ ಹುಡುಕಿ ನಿಲ್ಲಿಸಿದ್ದು ಸುಮ್ಮನೆ ಅಲ್ಲ.

ಜನವರಿಯದು ಬೇರೆ ಗಾಳಿ. ದಿಕ್ಕೇ ತಿರುಗಿರುತ್ತದೆ, ಬೀಸುವುದು ಮೂಡಣದಿಂದ, ಈಶಾನ್ಯದಿಂದ. ಬಲ ಕಡಿಮೆ, ತೇವವಂತೂ ಇಲ್ಲವೇ ಇಲ್ಲ. ನಿಮಗೆ ಇದನ್ನು ಕಣ್ಣಾರೆ ನೋಡಬೇಕಿದ್ದರೆ ಗುಡ್ಡದ ಮೇಲಿನ ಯಂತ್ರಗಳನ್ನೇ ನೋಡಿ. ಗಾಳಿ ಬರುವ ಕಡೆಗೆ ಅವು ತಾವಾಗಿ ಮುಖ ತಿರುಗಿಸಿಕೊಳ್ಳುತ್ತವೆ. ನೀವು ಬಂದಾಗ ಅವೆಲ್ಲ ಹುಬ್ಬಳ್ಳಿ ಕಡೆ ನೋಡುತ್ತಿದ್ದವು. ಗೆಳೆಯರು ಬಂದಾಗ ಬೆನ್ನು ತಿರುಗಿಸಿ ಕೊಪ್ಪಳದ ಕಡೆ ನೋಡುತ್ತಿರುತ್ತವೆ. ಎಷ್ಟೋ ಯಂತ್ರ ಸುಮ್ಮನೆ ನಿಂತೂ ಇರುತ್ತವೆ. ಕೆಟ್ಟಿವೆಯಾ ಎಂದು ಬೆಂಗಳೂರಿನವರು ಕೇಳಿಯೇ ಕೇಳುತ್ತಾರೆ. ಗಾಳಿಯ ವೇಗ ಅರ್ಧಕ್ಕೆ ಇಳಿದರೆ ಅದರಲ್ಲಿರುವ ಶಕ್ತಿ ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ಸೆಕೆಂಡಿಗೆ ಮೂರು ಮೀಟರಿನಷ್ಟಾದರೂ ಬೀಸದಿದ್ದರೆ ಹೆಚ್ಚಿನ ಯಂತ್ರಗಳು ಕರೆಂಟು ಕೊಡಲು ಶುರು ಮಾಡುವುದೇ ಇಲ್ಲ.

ಹಾಗಾದರೆ ಚಳಿ ಎಲ್ಲಿಂದ? ಗದಗ ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿದೆ. ಜನವರಿಯಲ್ಲಿ ಆಕಾಶ ನಿಚ್ಚಳ. ಹಗಲು ಕಾದ ನೆಲದ ಬಿಸಿಯೆಲ್ಲ ರಾತ್ರಿ ತಡೆಯಿಲ್ಲದೆ ಮೇಲಕ್ಕೆ ಹೋಗಿಬಿಡುತ್ತದೆ. ಬೆಳಗಿನ ಜಾವ ಸಾಮಾನ್ಯವಾಗಿ 15ರಿಂದ 17 ಡಿಗ್ರಿಯ ಆಸುಪಾಸು, ಕೆಲವು ರಾತ್ರಿ ಅದಕ್ಕೂ ಕೆಳಗೆ. ಮಧ್ಯಾಹ್ನ ನೋಡಿದರೆ 29, 30. ಒಂದೇ ದಿನದಲ್ಲಿ ಸ್ವೆಟರೂ ಬೇಕು, ಹತ್ತಿಯ ಅಂಗಿಯೂ ಬೇಕು. ಬರುವವರಿಗೆ ಹೇಳಬೇಕಾದ ಮುಖ್ಯ ಸಂಗತಿ ಇದು. ದಪ್ಪನೆಯ ಜಾಕೆಟ್ ಒಂದು ತಂದರೆ ಹತ್ತು ಗಂಟೆಯಿಂದ ಅದನ್ನು ಹೊತ್ತು ತಿರುಗಬೇಕಾಗುತ್ತದೆ. ತೆಳುವಾದ ಎರಡು ಪದರ, ಕಿವಿಗೆ ಒಂದು ಮಫ್ಲರ್, ಇಷ್ಟಿದ್ದರೆ ಸಾಕು.

ಈಗ ನಿಮ್ಮ ಎರಡು ದಿನವನ್ನು ನಿಜವಾಗಿ ಆಳುವ ವಿಷಯಕ್ಕೆ ಬರುತ್ತೇನೆ. ಕಾಲೇಜಿನಲ್ಲಿ ಭೂಗೋಳ ಹೇಳಿಕೊಟ್ಟವನಾದ್ದರಿಂದ ಸ್ವಲ್ಪ ಪಾಠದಂತೆ ಅನ್ನಿಸಿದರೆ ಸಹಿಸಿಕೊಳ್ಳಿ. ಚಳಿಗಾಲದ ಗಾಳಿಗೆ ಒಂದು ವೇಳಾಪಟ್ಟಿ ಇದೆ. ರಾತ್ರಿ ನೆಲ ತಣ್ಣಗಾದಾಗ ಅದರ ಮೇಲಿನ ಗಾಳಿಯೂ ತಣ್ಣಗಾಗಿ, ಭಾರವಾಗಿ ನೆಲಕ್ಕೆ ಕಚ್ಚಿಕೊಂಡು ಕೂರುತ್ತದೆ. ಮೇಲಿನ ಗಾಳಿ ಬೀಸುತ್ತಲೇ ಇರುತ್ತದೆ, ಗುಡ್ಡದ ನೆತ್ತಿಯ ಯಂತ್ರಗಳು ರಾತ್ರಿ ತಿರುಗುತ್ತಲೂ ಇರಬಹುದು, ಆದರೆ ಕೆಳಗೆ ಎಲೆ ಅಲುಗುವುದಿಲ್ಲ. ಬಿಸಿಲು ಬಿದ್ದು ನೆಲ ಕಾದ ಮೇಲೆ ಕೆಳಗಿನ ಗಾಳಿ ಏರುತ್ತದೆ, ಮೇಲಿನದು ತನ್ನ ವೇಗ ಸಮೇತ ಕೆಳಗೆ ಇಳಿಯುತ್ತದೆ. ಅದಕ್ಕೇ ಬೆಳಿಗ್ಗೆ ಒಂಬತ್ತು, ಹತ್ತರ ಹೊತ್ತಿಗೆ ಒಮ್ಮೆಲೇ ದೂಳು ಎಬ್ಬಿಸುವ ಬೀಸು. ಮಧ್ಯಾಹ್ನ ಮೂರರ ಮೇಲೆ ಅದು ಸಡಿಲಾಗಿ, ಸೂರ್ಯ ಮುಳುಗುತ್ತಿದ್ದಂತೆ ಬಹುತೇಕ ನಿಂತೇ ಹೋಗುತ್ತದೆ. ದಿನದ ಅತಿ ಚಳಿಯ ಹೊತ್ತು ಗಾಳಿಯಿಲ್ಲದ ಹೊತ್ತು. ಗಾಳಿಯ ಹೊತ್ತಿಗೆ ಚಳಿ ಹೋಗಿರುತ್ತದೆ. ಎರಡೂ ಸೇರಿ ಕಾಡುವುದು ಬೆಳಿಗ್ಗೆ ಎಂಟೂವರೆಯಿಂದ ಹತ್ತೂವರೆಯವರೆಗೆ ಮಾತ್ರ. ಆ ಹೊತ್ತಿನಲ್ಲಿ ಬಯಲಲ್ಲಿ ನಿಲ್ಲಬೇಡಿ, ಮನೆಯಲ್ಲೋ ಖಾನಾವಳಿಯಲ್ಲೋ ನಾಷ್ಟಾ ಮಾಡುತ್ತಿರಿ. ಯಾವ ಜಾಗ ಎಂದು ಪಟ್ಟಿ ಮಾಡುವ ಮೊದಲು ಯಾವ ಹೊತ್ತು ಎಂದು ನೋಡಿಕೊಳ್ಳಿ.

ಈ ಲೆಕ್ಕ ಕೆಡುವುದು ಬೈಕಿನ ಮೇಲೆ. ನಮ್ಮ ಚರ್ಮಕ್ಕೆ ಅಂಟಿದಂತೆ ಮೈಬಿಸಿಯ ಗಾಳಿಯ ತೆಳು ಪದರವೊಂದು ಇರುತ್ತದೆ. ಬೀಸುವ ಗಾಳಿ ಅದನ್ನು ಕಿತ್ತುಕೊಂಡು ಹೋಗುವುದರಿಂದಲೇ ಅದೇ 16 ಡಿಗ್ರಿ ಇನ್ನೂ ತಣ್ಣಗೆ ಅನ್ನಿಸುವುದು. ಗಾಳಿಯೇ ಇಲ್ಲದ ಬೆಳಗಿನಲ್ಲೂ ಐವತ್ತರ ವೇಗದಲ್ಲಿ ಬೈಕು ಓಡಿಸಿದರೆ ಐವತ್ತರ ಗಾಳಿಯನ್ನು ನೀವೇ ಹುಟ್ಟಿಸಿಕೊಂಡಂತೆ. ಮಗು, ಆಸ್ತಮಾದ ಗೆಳತಿ ಇಬ್ಬರೂ ಇರುವುದರಿಂದ ಎರಡೂ ದಿನಕ್ಕೆ ಒಂದು ಕಾರು ಗೊತ್ತು ಮಾಡಿ.

ಶುಕ್ರವಾರ ರಾತ್ರಿ ಅವರು ರೈಲು ಹತ್ತುತ್ತಾರೆ ಎಂದುಕೊಳ್ಳೋಣ. ಗದಗ ಜಂಕ್ಷನ್‌ನಲ್ಲಿ ಇಳಿಯುವ ಹೊತ್ತು ಕತ್ತಲೆಯಲ್ಲೇ ಇರಬಹುದು. ನಿದ್ದೆಗೆಟ್ಟವರನ್ನು ನೇರ ಊರು ಸುತ್ತಲು ಎಳೆಯಬೇಡಿ. ಮನೆಗೆ ಬರಲಿ, ಬಿಸಿನೀರು ಸಿಗಲಿ, ಒಂದು ಸುತ್ತು ನಿದ್ದೆಯಾಗಲಿ. ಶನಿವಾರ ಹನ್ನೊಂದಕ್ಕೆ ಹೊರಟರೂ ತಡವೇನಲ್ಲ, ಹಳೆಯ ಗುಡಿಗಳ ಊರು ಲಕ್ಕುಂಡಿ ಇರುವುದು 12 ಕಿ.ಮೀ. ದೂರದಲ್ಲಿ.

ಲಕ್ಕುಂಡಿಗೆ ನಡುಹಗಲೇ ಸರಿ ಎಂದು ನಾನು ಹೇಳುವುದಕ್ಕೆ ಕಾರಣವಿದೆ. ಹೆಚ್ಚಿನವರು ಬೆಳಿಗ್ಗೆ ಬೇಗ ಹೋಗಿ, ತಣ್ಣನೆಯ ಕಲ್ಲಿನ ಮೇಲೆ ಬರಿಗಾಲಲ್ಲಿ ಕುಣಿದು ಬರುತ್ತಾರೆ. ಗದಗ ಇರುವುದು 15.4 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ ಕೊನೆ, ಜನವರಿಯಲ್ಲಿ ಇಲ್ಲಿ ನಡುಮಧ್ಯಾಹ್ನವೂ ಸೂರ್ಯ ನೆತ್ತಿಗೆ ಬರುವುದಿಲ್ಲ, ತೆಂಕಣ ದಿಕ್ಕಿನಲ್ಲಿ ಸುಮಾರು ಐವತ್ತು ಡಿಗ್ರಿ ಎತ್ತರದಲ್ಲಿ ನಿಂತುಬಿಡುತ್ತಾನೆ. ಹಾಗಾಗಿ ದಕ್ಷಿಣಕ್ಕಿರುವ ಗೋಡೆಗಳ ಮೇಲೆ ಹಗಲಿಡೀ ಓರೆ ಬಿಸಿಲು. ಕಾಶಿವಿಶ್ವೇಶ್ವರ ಗುಡಿಯ ದಕ್ಷಿಣದ ಬಾಗಿಲಿಗೆ ಹೋಗಿ ನಿಲ್ಲಿ. ಬಾಗಿಲವಾಡದ ಪಟ್ಟಿಗಳು ಒಂದರ ಒಳಗೊಂದು ಇವೆ. ಬಳ್ಳಿಯ ಸುರುಳಿ, ಅದರೊಳಗೆ ಬೆರಳಷ್ಟು ಎತ್ತರದ ಗೊಂಬೆ, ಆ ಗೊಂಬೆಯ ಹಿಂದೆ ಕಡ್ಡಿ ತೂರಿಸಬಹುದಾದಷ್ಟು ಟೊಳ್ಳು. ಆ ಟೊಳ್ಳಿಗೆ ನೆರಳು ಬಿದ್ದರೆ ಮಾತ್ರ ಕೆತ್ತನೆ ಎದ್ದು ಬರುತ್ತದೆ. ಮೇ ತಿಂಗಳ ಬಿಸಿಲು ಆ ಗೋಡೆಯನ್ನು ಮುಟ್ಟುವುದೇ ಇಲ್ಲ. ಜನವರಿಯ ಬಿಸಿಲು ಅದಕ್ಕೆಂದೇ ಬಂದಂತಿರುತ್ತದೆ. ಕಲ್ಲು ಮೆದುವಾದದ್ದು, ಬಳಪದ ಕಲ್ಲಿನ ಜಾತಿ, ಅದಕ್ಕೇ ಇಷ್ಟು ಸೂಕ್ಷ್ಮದ ಕೆಲಸ ಸಾಧ್ಯವಾಯಿತು. ಒಳಗಿನ ಕಂಬಗಳನ್ನು ತಿರುಗಣಿಗೆ ಕೊಟ್ಟು ಕಡೆದಿದ್ದಾರೆ. ಶಿವನ ಗುಡಿ ಮೂಡಣಕ್ಕೆ, ಅದರ ಎದುರಿನ ಸೂರ್ಯನ ಚಿಕ್ಕ ಗುಡಿ ಪಡುವಣಕ್ಕೆ ಮುಖ ಮಾಡಿವೆ, ಒಬ್ಬರನ್ನೊಬ್ಬರು ನೋಡುತ್ತ. ಇಂಥ ಜೋಡಿ ಹೆಚ್ಚು ಕಡೆ ಸಿಗುವುದಿಲ್ಲ.

ಅಲ್ಲಿಂದ ಬ್ರಹ್ಮ ಜಿನಾಲಯ ಸ್ವಲ್ಪ ನಡೆ. ಕಟ್ಟಿಸಿದವಳು ದಾನಚಿಂತಾಮಣಿ ಅತ್ತಿಮಬ್ಬೆ, 1007ರಲ್ಲಿ. ಓಲೆಗರಿಯ ಕಾಲದಲ್ಲಿ ಒಂದು ಕಾವ್ಯದ ಸಾವಿರ ಪ್ರತಿ ಮಾಡಿಸಿ ಹಂಚಿದವಳು ಎಂಬ ಖ್ಯಾತಿ ಆಕೆಯದು. ಬೆಂಗಳೂರಿನ ಗೆಳತಿಯರಿಗೆ ಈ ಹೆಣ್ಣುಮಗಳ ಕಥೆ ಹೇಳಿ, ಶಿಲ್ಪಶಾಸ್ತ್ರ ಹೇಳುವುದಕ್ಕಿಂತ ಹೆಚ್ಚು ಹೊತ್ತು ಕೇಳುತ್ತಾರೆ. ಒಳಗೆ ನಾಲ್ಕು ಮುಖದ ಬ್ರಹ್ಮನ ವಿಗ್ರಹವಿದೆ, ಜೈನ ಬಸದಿಯಲ್ಲಿ ಬ್ರಹ್ಮನೇ ಎಂದು ಹುಬ್ಬು ಹಾರಿಸುತ್ತಾರೆ, ಹಾರಿಸಲಿ.

ಕೊನೆಗೆ ಮಾಣಿಕೇಶ್ವರ ಗುಡಿಯ ಎದುರಿನ ಮುಸುಕಿನ ಬಾವಿ. ಲಕ್ಕುಂಡಿಗೆ ನೂರೊಂದು ಗುಡಿ, ನೂರೊಂದು ಬಾವಿ ಎಂಬ ಮಾತಿದೆ. ಎಲ್ಲವನ್ನೂ ನೋಡುವ ಹಟ ಬೇಡ, ಈ ಒಂದು ಬಾವಿ ಬಿಡಬೇಡಿ. ಮೆಟ್ಟಿಲು ಇಳಿಯುತ್ತ ಹೋದಂತೆ ಮೇಲಿನ ಗಾಳಿಯ ಸದ್ದು ಕಡಿಯುತ್ತದೆ, ನಾಲ್ಕು ಮೆಟ್ಟಿಲಿಗೊಮ್ಮೆ ನಿಂತು ಕೇಳಿದರೆ ಗೊತ್ತಾಗುತ್ತದೆ. ಮಗುವಿನ ಕೈ ಮಾತ್ರ ಗಟ್ಟಿಯಾಗಿ ಹಿಡಿದಿರಿ, ಮೆಟ್ಟಿಲು ಕಡಿದು.

ಸಂಜೆ ಗದಗಿನಲ್ಲೇ ಇರಿ. ತ್ರಿಕೂಟೇಶ್ವರ, ಅದರ ಆವರಣದ ಸರಸ್ವತಿ ಗುಡಿಯ ಕಂಬಗಳು, ಆಮೇಲೆ ವೀರನಾರಾಯಣ. ಕುಮಾರವ್ಯಾಸ ಈ ವೀರನಾರಾಯಣನ ಗುಡಿಯಲ್ಲೇ ಕಂಬಕ್ಕೆ ಆತು ಕೂತು ಭಾರತ ಬರೆದನೆಂದು ಪ್ರತೀತಿ. ಸ್ನಾನ ಮಾಡಿ ಒದ್ದೆ ಬಟ್ಟೆಯಲ್ಲಿ ಬಂದು ಕೂರುತ್ತಿದ್ದನಂತೆ, ಬಟ್ಟೆ ಒಣಗುವವರೆಗೆ ಮಾತ್ರ ಪದ್ಯ ಬರುತ್ತಿತ್ತಂತೆ. ಗದಗಿನ ಗಾಳಿಗೆ ಬಟ್ಟೆ ಒಣಗಲು ಎಷ್ಟು ಹೊತ್ತು ಬೇಕೆಂದು ಈಗ ನಿಮಗೂ ಗೊತ್ತು. ಆದರೂ ಹತ್ತು ಪರ್ವ ಮುಗಿಸಿದ್ದಾನೆ! ಕತ್ತಲಾದ ಮೇಲೆ ಬೀದಿಯಲ್ಲಿ ಮಿರ್ಚಿ, ಬದನೆಕಾಯಿ ಬಜಿ, ಗಿರ್ಮಿಟ್. ಗಾಳಿ ನಿಂತಿರುತ್ತದೆ, ನಿಂತುಕೊಂಡು ತಿನ್ನಬಹುದು. ಬಾಣಲೆಯ ಪಕ್ಕದಲ್ಲಿ ಮಾತ್ರ ನಿಲ್ಲಬೇಡಿ, ಮೆಣಸಿನಕಾಯಿಯ ಘಾಟು ಆಸ್ತಮಾದವರಿಗೆ ಚಳಿಗಿಂತ ದೊಡ್ಡ ಶತ್ರು.

ಭಾನುವಾರ ಬೆಳಿಗ್ಗೆ ಮಾಗಡಿ ಕೆರೆ. ಇದೊಂದಕ್ಕೆ ಅವರನ್ನು ಬೈದಾದರೂ ಎಬ್ಬಿಸಿ. ರಾಮನಗರದ ಮಾಗಡಿಯಲ್ಲ, ಶಿರಹಟ್ಟಿ ತಾಲ್ಲೂಕಿನದು, ಗದಗಿನಿಂದ ಲಕ್ಷ್ಮೇಶ್ವರದ ದಾರಿಯಲ್ಲಿ ಸುಮಾರು 26 ಕಿ.ಮೀ. ಜನವರಿಯಲ್ಲಿ ಇಲ್ಲಿ ಸೂರ್ಯ ಹುಟ್ಟುವುದು ಏಳರ ಹತ್ತಿರ, ಆದ್ದರಿಂದ ಆರಕ್ಕೆ ಮನೆ ಬಿಟ್ಟರೂ ಸಾಕು. ಸುಮಾರು 134 ಎಕರೆಯ ಈ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿ, ಅಂದರೆ ಜಗತ್ತಿನ ಮುಖ್ಯ ಜೌಗು ನೆಲಗಳ ಪಟ್ಟಿ ಸೇರಿತು. ಕಾರಣ ಪಟ್ಟೆತಲೆ ಹೆಬ್ಬಾತು. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ನವೆಂಬರ್ ಹೊತ್ತಿಗೆ ಬರುತ್ತವೆ, ಬೇಸಿಗೆ ಕಾಲಿಡುವ ಮೊದಲು ಹೊರಡುತ್ತವೆ. ಬೂದು ಮೈ, ಬಿಳಿ ತಲೆ, ತಲೆಯ ಹಿಂಭಾಗದಲ್ಲಿ ಅಡ್ಡಕ್ಕೆ ಎರಡು ಕಪ್ಪು ಗೆರೆ, ಹಳದಿ ಕೊಕ್ಕು. ಸುತ್ತಲಿನ ಹೊಲಗಳಿಗೆ ಮೇಯಲು ಹೋಗಿ ಬಂದು ಹಗಲು ಕೆರೆಯಲ್ಲೇ ಕಳೆಯುತ್ತವೆ. ಹಿಂಡು ನೀರಿಗೆ ಇಳಿಯುವ ಮೊದಲೇ ಅವುಗಳ ಮೂಗಿನ ದನಿ ಕೇಳಿಸುತ್ತದೆ, ತಲೆ ಎತ್ತಿ ನೋಡುವಷ್ಟರಲ್ಲಿ ತಲೆಯ ಮೇಲೆ ಇರುತ್ತವೆ. ರೆಕ್ಕೆ ಬಿಗಿಹಿಡಿದು, ಕಾಲು ಮುಂದೆ ಚಾಚಿ, ನೀರನ್ನು ಉದ್ದಕ್ಕೆ ಗೀರುತ್ತ ಇಳಿಯುವುದನ್ನು ಒಮ್ಮೆ ನೋಡಿದ ಮಗು ಮೊಬೈಲು ಕೇಳುವುದಿಲ್ಲ.

ಈ ಹಕ್ಕಿಗಳಿಗೆ ಜಿಪಿಎಸ್ ಕಟ್ಟಿ ನೋಡಿದವರು ಕಂಡ ಒಂದು ಸಂಗತಿ ನನಗೆ ಬಲು ಇಷ್ಟ. ಹಿಮಾಲಯ ಏರುವಾಗ, ಹಗಲು ಕಣಿವೆಯಿಂದ ಮೇಲಕ್ಕೆ ಬೀಸುವ ಗಾಳಿಯ ಬೆಂಬಲ ಸಿಗುತ್ತದಲ್ಲ, ಅದನ್ನು ಇವು ಬಳಸಿಕೊಳ್ಳುವುದಿಲ್ಲ. ರಾತ್ರಿ ಮತ್ತು ಬೆಳಗಿನ ಜಾವ, ಗಾಳಿ ಶಾಂತವಾಗಿ ತಣ್ಣಗೆ ದಟ್ಟವಾಗಿರುವಾಗ, ತಮ್ಮದೇ ರೆಕ್ಕೆಯ ಬಲದಲ್ಲಿ ಏರುತ್ತವೆ. ಏಳು ಸಾವಿರ ಮೀಟರ್ ಮೀರಿ ಹಾರಿದ್ದು ದಾಖಲಾಗಿದೆ. ನಿಮ್ಮ ವೇಳಾಪಟ್ಟಿಯೂ ಅದೇ ಹೊತ್ತಿನದು ಎಂದು ನಿದ್ದೆಗಣ್ಣಿನ ಗೆಳೆಯರಿಗೆ ಹೇಳಿ ನೋಡಿ. ದುರ್ಬೀನು ಯಾರಲ್ಲಾದರೂ ಇದ್ದರೆ ತರಲಿ. ಗಾಢ ಬಣ್ಣದ ಬಟ್ಟೆ, ಗದ್ದಲ, ಕೆರೆಯ ಏರಿಯ ಮೇಲೆ ಓಡಾಟ ಬೇಡ. ಡ್ರೋನ್ ತರುತ್ತೇನೆ ಎನ್ನುವ ಗೆಳೆಯ ಎಲ್ಲ ಗುಂಪಿನಲ್ಲೂ ಒಬ್ಬನಿರುತ್ತಾನೆ, ಅವನಿಗೆ ಮೊದಲೇ ಇಲ್ಲ ಅನ್ನಿ.

ಎಂಟೂವರೆಗೆ ಗಾಳಿ ಎದ್ದು ನೀರು ಅಲುಗತೊಡಗುತ್ತದೆ. ಆಗ ಕಾರು ಹತ್ತಿ. ವಾಪಸು ಬರುವ ದಾರಿಯುದ್ದ ಹಿಂಗಾರಿ ಹೊಲಗಳು: ಬಿಳಿಜೋಳ, ಕಡಲೆ, ಕುಸುಬೆ, ಅಲ್ಲಲ್ಲಿ ಗೋಧಿ. ಎಲ್ಲಾದರೂ ರೈತರು ಇದ್ದರೆ ಕೇಳಿಕೊಂಡು ಕಡಲೆ ಹೊಲಕ್ಕೆ ಇಳಿಯಿರಿ. ಬೆಳಗಿನ ಇಬ್ಬನಿಗೆ ನೆನೆದ ಕಡಲೆ ಗಿಡವನ್ನು ಬೆರಳಿಂದ ಸವರಿ ನಾಲಗೆಗೆ ಮುಟ್ಟಿಸಿದರೆ ಚುರುಕ್ಕೆನ್ನುವ ಹುಳಿ. ಎಲೆಯ ಮೇಲಿನ ಸಣ್ಣ ರೋಮಗಳು ಒಸರುವ ಆಮ್ಲ ಅದು. ಹಿಂದೆ ಬಿಳಿ ಬಟ್ಟೆಯನ್ನು ರಾತ್ರಿ ಗಿಡದ ಮೇಲೆ ಹಾಸಿ, ಬೆಳಿಗ್ಗೆ ಹಿಂಡಿ, ಆ ಹುಳಿಯನ್ನು ಹೊಟ್ಟೆನೋವಿಗೆಂದು ಸೀಸೆಯಲ್ಲಿಡುತ್ತಿದ್ದರು. ಸುಲಗಾಯಿ, ಅಂದರೆ ಗಿಡದಲ್ಲಿರುವ ಹಸಿ ಕಡಲೆ, ಸಿಕ್ಕರೆ ಬಿಡಬೇಡಿ. ಜೋಳ ಹಾಲುಗಾಳಿನ ಹದಕ್ಕೆ ಬಂದಿದ್ದರೆ ಸೀತನಿಯೂ ಸಿಗಬಹುದು. ಎಳೆ ತೆನೆಯನ್ನು ಕೆಂಡದಲ್ಲಿ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಶೇಂಗಾ ಹಿಂಡಿಯ ಜೊತೆ ಬಾಯಿಗೆ ಹಾಕಿಕೊಳ್ಳುವುದು. ಹಣ ಕೊಟ್ಟು ಕೊಳ್ಳುವ ಯಾವ ತಿಂಡಿಯೂ ಅದರ ಮುಂದೆ ನಿಲ್ಲದು. ಸುಡುವಾಗ ಹೊಗೆ, ಊದುವಾಗ ಹೊಟ್ಟು, ಎರಡೂ ಇರುತ್ತವೆ. ಆಸ್ತಮಾದ ಗೆಳತಿ ಆ ಹೊತ್ತು ಕಾರಿನಲ್ಲಿರಲಿ, ಪಾಲು ತಂದುಕೊಡಿ.

ಮನೆಯ ಊಟ. ಮೈಸೂರಿನವರಾದ ನಿಮಗೆ ರೊಟ್ಟಿ ಬಡಿಯಲು ಬರುತ್ತದೋ ಇಲ್ಲವೋ ಕಾಣೆ, ಬರದಿದ್ದರೆ ಈ ಎರಡು ದಿನದಲ್ಲಿ ಕಲಿಯಲು ಹೋಗಬೇಡಿ. ಖಾನಾವಳಿಯಿಂದ ಬಿಸಿರೊಟ್ಟಿ ತರಿಸಿ. ಬಡಿಯುವ ಹುಮ್ಮಸ್ಸಿದ್ದರೆ ಎರಡು ಮಾತು ನೆನಪಿಡಿ: ಹಿಟ್ಟು ಹೊಸದಾಗಿ ಬೀಸಿಸಿದ್ದಿರಬೇಕು, ಎಸರು ಕುದಿಯುತ್ತಿರಬೇಕು. ಜೋಳದಲ್ಲಿ ಗೋಧಿಯ ಜಿಗಿ ಇಲ್ಲ, ಕುದಿನೀರಿಗೆ ಬೆಂದ ಹಿಟ್ಟೇ ಉಳಿದದ್ದನ್ನು ಹಿಡಿದುಕೊಳ್ಳುವುದು. ಬೆಚ್ಚಗಿನ ನೀರಿಗೆ ಕಲಸಿದರೆ ತಟ್ಟುವಾಗ ಅಂಚೆಲ್ಲ ಬಿರುಕು. ಎಣ್ಣೆಗಾಯಿ, ಮಡಿಕೆಕಾಳಿನ ಪಲ್ಯ, ಗುರೆಳ್ಳು ಚಟ್ನಿ, ಕೆನೆಮೊಸರು, ಹಸಿ ಉಳ್ಳಾಗಡ್ಡಿ, ಹಕ್ಕರಕಿ ಸೊಪ್ಪು. ಎರಡನೇ ಶನಿವಾರವೆಂದರೆ ಸಂಕ್ರಮಣದ ಆಸುಪಾಸು. ಭೋಗಿಗೆ ಮಾಡುವ, ಎಳ್ಳು ಹಚ್ಚಿದ ಸಜ್ಜಿರೊಟ್ಟಿ ಅಕ್ಕಪಕ್ಕದ ಮನೆಗಳಲ್ಲಿ ಆಗಲೇ ಶುರುವಾಗಿರುತ್ತದೆ. ಚಳಿಗೆ ಎಳ್ಳು, ಸಜ್ಜಿ, ಬೆಲ್ಲ ತಿನ್ನಬೇಕೆಂದು ನಮ್ಮ ಅಜ್ಜಿಯಂದಿರು ಯಾರ ಸಲಹೆಯೂ ಇಲ್ಲದೆ ಗೊತ್ತುಮಾಡಿದ್ದರು. ಪಕ್ಕದ ಮನೆಯ ಅಮ್ಮನವರಿಗೆ “ಅವ್ವಾರ, ನಮ್ಮ ಮಂದಿ ಬರಾಕತ್ತಾರ್ರಿ” ಎಂದು ಒಂದು ಮಾತು ಹಾಕಿ. ಡಬ್ಬಿ ತಾನಾಗಿ ಬರುತ್ತದೆ. ಆದರೆ ಮೂರು ಹೊತ್ತೂ ರೊಟ್ಟಿ ಬೇಡ, ರೂಢಿ ಇಲ್ಲದ ಹೊಟ್ಟೆಗೆ ಅದು ಭಾರ. ರಾತ್ರಿ ಅನ್ನ ಸಾರು ಮಾಡಿ, ಮಗುವಿಗೂ ಅದೇ ಹಿತ. ಒಣಹವೆಯಲ್ಲಿ ಬಾಯಾರಿಕೆ ತಿಳಿಯುವುದಿಲ್ಲ, ಬೆವರು ಕಾಣುವ ಮೊದಲೇ ಆರಿಹೋಗಿರುತ್ತದೆ. ಚಳಿ ಎಂದು ನೀರು ಕುಡಿಯುವುದು ಬಿಟ್ಟರೆ ಭಾನುವಾರದ ಹೊತ್ತಿಗೆ ಎಲ್ಲರಿಗೂ ತಲೆನೋವು.

ನೀರು ಅಂದಾಗ ನೆನಪಾಯಿತು. ನಳಕ್ಕೆ ದಿನವೂ ನೀರು ಬರುವ ಊರಲ್ಲ ಇದು, ಆರು ತಿಂಗಳಲ್ಲಿ ನಿಮಗದು ಚೆನ್ನಾಗಿಯೇ ಗೊತ್ತಾಗಿರಬೇಕು. ಒಬ್ಬರು ಇರುವ ಮನೆಯಲ್ಲಿ ಆರು ಜನ ಸ್ನಾನ ಮಾಡಿದರೆ ವಾರದ ನೀರು ಎರಡು ದಿನಕ್ಕೆ ಮುಗಿಯುತ್ತದೆ. ಹಿಂದಿನ ಸರದಿ ಯಾವಾಗ ಬಿಟ್ಟಿದ್ದರು, ಮುಂದಿನದು ಯಾವಾಗ ಎಂದು ಮನೆ ಮಾಲೀಕರನ್ನು ಕೇಳಿ ಟಾಕಿ ತುಂಬಿಸಿಕೊಳ್ಳಿ, ಸಾಲದಿದ್ದರೆ ಶುಕ್ರವಾರವೇ ಟ್ಯಾಂಕರ್ ಹೇಳಿ. ಬೆಂಗಳೂರಿನವರಿಗೆ ಇದನ್ನು ಮುಚ್ಚಿಡುವುದೇನೂ ಬೇಡ, ಅವರೂ ಟ್ಯಾಂಕರ್ ನೀರು ಕುಡಿದು ಬೆಳೆದವರೇ.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಗಾಳಿ ಬರುತ್ತದೆಂದು ಬಚ್ಚಲಿನ ಕಿಂಡಿಗೆ ರಟ್ಟು, ಬಟ್ಟೆ ತುರುಕುವುದು ಚಳಿಗಾಲದಲ್ಲಿ ಎಲ್ಲ ಕಡೆ ನಡೆಯುತ್ತದೆ. ನಿಮ್ಮ ಬಚ್ಚಲಿನೊಳಗೆ ಗ್ಯಾಸ್ ಗೀಸರ್ ಇದ್ದರೆ ಆ ಕೆಲಸ ಪ್ರಾಣಕ್ಕೇ ಸಂಚಕಾರ. ಉರಿಯಲು ಗಾಳಿ ಸಾಲದೆ ಹೋದಾಗ ಅದು ಕಾರ್ಬನ್ ಮೊನಾಕ್ಸೈಡ್ ಕಾರುತ್ತದೆ. ವಾಸನೆಯಿಲ್ಲ, ಬಣ್ಣವಿಲ್ಲ, ಒಳಗಿದ್ದವರಿಗೆ ಮಂಪರು ಬಂದಂತಾಗಿ ಬಿದ್ದುಬಿಡುತ್ತಾರೆ. ಒಬ್ಬರಾದ ಮೇಲೆ ಒಬ್ಬರು ಸಾಲಾಗಿ ಸ್ನಾನಕ್ಕೆ ಹೋಗುವ ಇಂಥ ದಿನಗಳಲ್ಲೇ ಅಪಾಯ ಹೆಚ್ಚು. ಬಕೆಟ್ಟಿಗೆ ನೀರು ತುಂಬಿಸಿಕೊಂಡು, ಗೀಸರ್ ಆರಿಸಿ, ಆಮೇಲೆ ಬಾಗಿಲು ಹಾಕಿಕೊಳ್ಳಲಿ. ಮಲಗುವ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಡುವುದೂ ಬೇಡ, ಕಾರಣ ಅದೇ.

ಮಲಗುವ ವ್ಯವಸ್ಥೆಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಮೂಡಣದ ಕಿಟಕಿ ಮುಚ್ಚಿ, ತೆಂಕಣದ್ದು ಒಂದು ಗೇಣು ತೆರೆದಿಡಿ. ಬಾಗಿಲ ಕೆಳಗಿನ ಸಂದಿಗೆ ಹಳೆಯ ಸೀರೆ ಸುತ್ತಿಟ್ಟರೆ ಅರ್ಧ ಚಳಿ ಅಲ್ಲೇ ನಿಲ್ಲುತ್ತದೆ. ಬಡಿದುಕೊಳ್ಳುವ ಬಾಗಿಲಿಗೆ ಮಡಚಿದ ಕಾಗದ ಸಿಕ್ಕಿಸಿದರೆ ಸದ್ದೂ ಇಲ್ಲ. ಚಾಪೆ ನೇರ ನೆಲದ ಮೇಲೆ ಬೇಡ, ಕೆಳಗೊಂದು ಜಮಖಾನ ಹಾಸಿ. ಹೊದೆಯಲು ಕೌದಿ ಕೇಳಿ ತನ್ನಿ, ಈ ಕಡೆಯ ಯಾವ ಹಳೆಯ ಮನೆಯಲ್ಲೂ ಟ್ರಂಕಿನಲ್ಲಿ ನಾಲ್ಕು ಇದ್ದೇ ಇರುತ್ತವೆ. ಹಳೆಯ ಸೀರೆಗಳನ್ನು ಒಂದರ ಮೇಲೊಂದು ಇಟ್ಟು ಹತ್ತಿರ ಹತ್ತಿರ ಹೊಲಿಗೆ ಹಾಕಿದ್ದು. ಪ್ರತಿ ಪದರದ ನಡುವೆಯೂ ಸಿಕ್ಕಿಬಿದ್ದ ಗಾಳಿಯೇ ಅದರ ಬಿಸಿ. ಅಂಗಡಿಯ ದಪ್ಪ ರಗ್ಗು ಒಂದಕ್ಕಿಂತ ತೆಳು ಕೌದಿ ಎರಡು ಮೇಲು.

ಆಸ್ತಮಾದ ಗೆಳತಿಯ ಔಷಧದ ವಿಷಯ ಅವರ ವೈದ್ಯರಿಗೆ ಬಿಟ್ಟದ್ದು, ಹೊರಡುವ ಮೊದಲು ಒಮ್ಮೆ ಕೇಳಿಕೊಂಡು ಬರಲಿ. ಇನ್‌ಹೇಲರ್ ಸೂಟ್‌ಕೇಸಿನ ತಳದಲ್ಲಿ ಬೇಡ, ಕೈಚೀಲದಲ್ಲಿರಲಿ. ತಣ್ಣನೆಯ ಒಣಗಾಳಿ ನೇರ ಬಾಯಿಂದ ಒಳಗೆ ಹೋದರೆ ಶ್ವಾಸನಾಳ ಬಿಗಿಯುತ್ತದೆ. ಕೆರೆಗೆ ಹೋಗುವಾಗ ಮೂಗು ಬಾಯಿ ಮುಚ್ಚುವಂತೆ ಹತ್ತಿಯ ಬಟ್ಟೆ ಸುತ್ತಿಕೊಂಡು, ಮೂಗಿನಿಂದ ಉಸಿರಾಡಲಿ. ನಿಮ್ಮ ಮನೆಯಲ್ಲಿ ಕೌದಿಯನ್ನು ಹಿಂದಿನ ದಿನವೇ ಬಿಸಿಲಿಗೆ ಹಾಕಿ ಕೊಡವಿ, ಟ್ರಂಕಿನ ದೂಳು ಅವರಿಗೆ ಆಗದು.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಇನ್ನೂ ಉಮೇದು ಇದ್ದರೆ ಡಂಬಳ. ಇಲ್ಲದಿದ್ದರೆ ತಾರಸಿಯ ಮೇಲೆ ಗೋಡೆಯ ಪಡುವಣ ಮಗ್ಗುಲಲ್ಲಿ, ಮೂಡಗಾಳಿ ತಾಗದ ಕಡೆ, ಬಿಸಿಲಿಗೆ ಕಾಲು ಚಾಚಿ ಹರಟೆ ಹೊಡೆಯಿರಿ. ಕಾಲೇಜಿನ ಗೆಳೆಯರು ಬರುವುದು ಅದಕ್ಕೇ ಅಲ್ಲವೇ? ಹೋಗುವುದಾದರೆ ಮೂರಕ್ಕೆ ಹೊರಡಿ, ಮುಂಡರಗಿ ರಸ್ತೆಯಲ್ಲಿ ಇಪ್ಪತ್ತು ಕಿ.ಮೀ. ಚಿಲ್ಲರೆ. ದೊಡ್ಡಬಸಪ್ಪನ ಗುಡಿಯ ತಳವಿನ್ಯಾಸ 24 ಮೂಲೆಯ ನಕ್ಷತ್ರ. ಒಂದೇ ಅಳತೆಯ ಆರು ಚೌಕಗಳನ್ನು ಒಂದರ ಮೇಲೊಂದು 15 ಡಿಗ್ರಿ ತಿರುಗಿಸುತ್ತ ಇಟ್ಟರೆ ಆ ನಕ್ಷತ್ರ ಸಿಗುತ್ತದೆ. ಇಳಿಬಿಸಿಲಿನಲ್ಲಿ ಒಂದು ಮೂಲೆಗೆ ಬೆಳಕು, ಪಕ್ಕದ್ದಕ್ಕೆ ನೆರಳು, ಸುತ್ತ ನಡೆದು ಎಣಿಸಬಹುದು. ಇದೇ ಡಂಬಳದಲ್ಲಿ ಬೌದ್ಧ ವಿಹಾರವಿತ್ತು, ತಾರಾದೇವಿಯ ಪೂಜೆ ನಡೆಯುತ್ತಿತ್ತು ಎಂದು 1095ರ ಶಾಸನ ಹೇಳುತ್ತದೆ. ಈಗ ಊರಿನಲ್ಲಿ ಯಾರನ್ನು ಕೇಳಿದರೂ ಬಸಪ್ಪನ ಗುಡಿ ತೋರಿಸುತ್ತಾರೆ.

ಕಪ್ಪತಗುಡ್ಡದ ಮೇಲಕ್ಕೇ ಹೋಗೋಣ, ಗಾಳಿಗುಂಡಿ ಬಸವಣ್ಣನ ಹತ್ತಿರ ನಿಂತು ಗಾಳಿ ನೋಡೋಣ ಎಂದು ಯಾರಾದರೂ ಹಟ ಹಿಡಿಯಬಹುದು. 2019ರಿಂದ ಅದು ವನ್ಯಜೀವಿ ಧಾಮ, ಸುಮಾರು 244 ಚದರ ಕಿ.ಮೀ. ತೋಳ, ಕತ್ತೆಕಿರುಬ, ಚಿರತೆ ಇರುವ ಜಾಗ. ಎಲ್ಲಿಯವರೆಗೆ ಬಿಡುತ್ತಾರೆ, ಎಷ್ಟು ಹೊತ್ತಿನವರೆಗೆ ಎಂದು ಗದಗಿನ ಅರಣ್ಯ ಇಲಾಖೆಯಲ್ಲಿ ಶುಕ್ರವಾರವೇ ವಿಚಾರಿಸಿಕೊಳ್ಳಿ. ಒಣಹುಲ್ಲಿನ ಕಾಲ, ಬೀಡಿ ಸಿಗರೇಟು ಮನೆಯಲ್ಲೇ ಬಿಟ್ಟು ಹೋಗಲಿ. ಗಾಳಿಯಂತ್ರದ ಬುಡಕ್ಕೆ ಹೋಗಿ ಫೋಟೊ ತೆಗೆಯುವುದು ಬೇಡ. ದೂರದಿಂದ ನಿಧಾನವಾಗಿ ತಿರುಗುವಂತೆ ಕಂಡರೂ ಜೋರು ಗಾಳಿಯಲ್ಲಿ ರೆಕ್ಕೆಯ ತುದಿಯ ವೇಗ ಗಂಟೆಗೆ 200 ಕಿ.ಮೀ. ಮೀರುವುದುಂಟು. ಮಗುವಿರುವುದರಿಂದ ನಾನಾದರೆ ಗುಡ್ಡ ಹತ್ತುವುದನ್ನು ಕೈಬಿಟ್ಟು ಡಂಬಳದ ರಸ್ತೆಯಿಂದಲೇ ಯಂತ್ರಗಳನ್ನು ತೋರಿಸುತ್ತಿದ್ದೆ.

ಸೂರ್ಯ ಆರೂಕಾಲರ ಹೊತ್ತಿಗೆ ಮುಳುಗುತ್ತಾನೆ, ಏಳರೊಳಗೆ ಮನೆ ಸೇರಿ ರಾತ್ರಿಯ ರೈಲಿಗೆ ಸಿದ್ಧವಾಗಬಹುದು. ಬುತ್ತಿಗೆ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಡಿ, ಈ ಒಣಹವೆಗೆ ರೊಟ್ಟಿ ಗರಿಗರಿಯಾಗಿ ಆರಿರುತ್ತದೆ, ಬೆಂಗಳೂರಿಗೆ ಹೋದ ಮೇಲೆ ಡಬ್ಬಿ ಮುಚ್ಚಳ ಬಿಗಿಯಾಗಿ ಹಾಕಿಡಲು ಹೇಳಿ. ಎರಡನೇ ಶನಿವಾರದ ರಜೆಗೆ ಹುಬ್ಬಳ್ಳಿ, ಗದಗ ಕಡೆಯವರೆಲ್ಲ ಊರಿಗೆ ಬಂದಿರುತ್ತಾರೆ, ಜೊತೆಗೆ ಸಂಕ್ರಮಣ ಬೇರೆ. ಭಾನುವಾರ ರಾತ್ರಿಯ ಟಿಕೆಟನ್ನು ಬರುವ ಟಿಕೆಟಿಗಿಂತ ಮೊದಲು ಮಾಡಿಸಲು ಇವತ್ತೇ ಫೋನು ಮಾಡಿ.